ಕಳ್ಳನಿಗೂ ‘ರೀ’ ಅಂದವಳು

ಆ ಹಲ್ಲಿನ ಕ್ಲಿನಿಕ್ಕಿಗೆ ಒಮ್ಮೆ ಹೋಗಿ ಬಂದವರು ಡಾಕ್ಟರಮ್ಮನ ಮುಖ ಮರೆತರೂ ಹೊರಗಿನ ಮೇಜಿನ ಹಿಂದೆ ಕೂರುವ ಹೆಂಗಸಿನ ದನಿ ಮರೆಯುವುದಿಲ್ಲ. “ಬನ್ನಿ, ಕೂತ್ಕೊಳ್ಳಿ, ಹೆದರ್ಬೇಡಿ.” ಬೊಚ್ಚುಬಾಯಿಯ ಮುದುಕರಿಗೂ ಅದೇ, ಹಾಲುಹಲ್ಲು ಅಲ್ಲಾಡಿಸಿಕೊಂಡು ಬರುವ ಮಗುವಿಗೂ ಅದೇ. ಒಳಗೆ ಹಲ್ಲು ಕೊರೆಯುವ ಸದ್ದು, ಯಾರದೋ “ಅಮ್ಮಾ” ಎಂಬ ನರಳಾಟ. ಹೊರಗೆ ಕೂತವರು ದವಡೆ ಹಿಡಿದುಕೊಂಡು ಬಾಗಿಲ ಕಡೆಗೇ ಕಣ್ಣಿಟ್ಟಿರುತ್ತಾರೆ. ಅವಳು ಇದ್ದಲ್ಲಿಂದಲೇ ಒಂದು “ಬನ್ನಿ” ಅಂದರೆ, ಓಡಿಹೋಗಲು ಎದ್ದವರೂ ಮತ್ತೆ ಕೂರುತ್ತಾರೆ. ಹೀಗಾಗಿ ಅವಳಿಗೆ ‘ಬನ್ನಿ ಮೇಡಂ’ ಅಂತಲೇ ಹೆಸರು ಬಿದ್ದಿತ್ತು.

ಈ ಮೆತ್ತನೆಯ ನಾಲಿಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮೀಸೆ ಚಿಗುರದ ಮೈದುನನನ್ನು ಊಟಕ್ಕೆ “ಬಾರೋ” ಎಂದು ಕರೆದುಬಿಟ್ಟಿದ್ದಳು. ಅತ್ತೆ ಅವಳನ್ನು ಅಡುಗೆಮನೆಗೆ ಕರೆದು, “ಈ ಮನೇಲಿ ಗಂಡಸರಿಗೆ ಬಾರೋ ಹೋಗೋ ಅನ್ನೋದಿಲ್ಲ ಕಣಮ್ಮಾ. ನಾಲಿಗೆ ಒಳ್ಳೇದಾದ್ರೆ ನಾಡೆಲ್ಲ ಒಳ್ಳೇದು” ಎಂದರು. ಬೈಯಲಿಲ್ಲ, ಅಷ್ಟೇ ಅಂದರು. ಅವತ್ತಿನಿಂದ ಪೇಪರ್ ಹಾಕುವವನೂ ಬಹುವಚನ, ಗ್ಯಾಸ್ ಸಿಲಿಂಡರ್ ತರುವವನೂ ಬಹುವಚನ. ಟಿವಿಯಲ್ಲಿ ಖಳನಾಯಕ ಚಾಕು ಹಿಡಿದು ಬಂದರೆ, “ಇವರು ಕೊನೇಲಿ ಸಾಯ್ತಾರಾ?” ಎಂದು ಕೇಳುತ್ತಿದ್ದಳು. ಗಂಡ ನಗುತ್ತಿದ್ದ. ಆಗ ಅದು ನಗುವ ಮಾತೇ ಆಗಿತ್ತು.

ಕ್ಲಿನಿಕ್ಕಿನಿಂದ ಮನೆಗೆ ಹೋಗಬೇಕಾದರೆ ರೈಲು ಹಳಿಯ ಕೆಳಗಿನ ಅಂಡರ್‌ಪಾಸ್ ದಾಟಬೇಕು. ಗಾಡಿಗಳಿಗೆ ಮೇಲೆ ಸೇತುವೆ ಇದೆ; ಕೆಳಗಿನದು ಕಾಲ್ನಡಿಗೆಯವರಿಗೆ. ಗೋಡೆಯಲ್ಲಿ ಸದಾ ನೀರು ಜಿನುಗುತ್ತದೆ, ದೀಪಗಳಲ್ಲಿ ಅರ್ಧ ಉರಿಯುವುದಿಲ್ಲ. ಆಚೆ ತುದಿಯಲ್ಲಿ ಬೀಗ ರಿಪೇರಿ ಮಾಡುವವನ ಗೂಡಂಗಡಿ. ಒಂದು ಮುಸ್ಸಂಜೆ ಅವಳು ನಡುವಿಗೆ ಬಂದಾಗ ಹಿಂದಿನಿಂದ ಬಂದವನೊಬ್ಬ ಅವಳ ಕೈ ಹಿಡಿದು ತಿರುಚಿದ, ಗೋಡೆಗೆ ಒತ್ತಿದ, ಹೆಗಲ ಚೀಲ ಎಳೆದ. ಕೂಗಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು ಇಷ್ಟು: “ರೀ... ಬಿಡ್ರೀ... ನೋವಾಗುತ್ತೆ, ಬಿಡ್ರೀ!”

ಬೀಗದವನು ಅರ ಉಜ್ಜುವುದನ್ನು ನಿಲ್ಲಿಸಿ ಒಮ್ಮೆ ಕತ್ತೆತ್ತಿ ನೋಡಿದ. ಮತ್ತೆ ತಲೆ ತಗ್ಗಿಸಿ ಉಜ್ಜತೊಡಗಿದ. ಅದನ್ನು ಅವಳು ಕಣ್ಣಾರೆ ಕಂಡಳು. ಚೀಲ ಹೋಯಿತು, ಮಣಿಕಟ್ಟು ಊದಿಕೊಂಡಿತು. ಅವೆರಡಕ್ಕಿಂತ ಹೆಚ್ಚು ನೋಯಿಸಿದ್ದು ಆ ತಗ್ಗಿದ ತಲೆ.

ಗಂಡ ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದ. ಮಹಿಳಾ ಪೇದೆಯೊಬ್ಬರು ದೂರು ಬರೆದುಕೊಂಡರು.

“ಹೇಗಿದ್ದ?”

“ಅವರು ಸ್ವಲ್ಪ ಎತ್ತರ ಇದ್ರು. ಬಲಗೈ ಮೇಲೆ ಸುಟ್ಟ ಕಲೆ ಇತ್ತು ಅವರಿಗೆ.”

ಪೆನ್ನು ನಿಂತಿತು. “ಯಾರಮ್ಮಾ ಅವರು? ಗೊತ್ತಿರೋರಾ?”

“ಇಲ್ಲ ಮೇಡಂ, ಯಾರೋ ಏನೋ.”

“ಮತ್ತೆ ಅವರು ಇವರು ಅಂತೀರಲ್ಲ! ಕೈ ತಿರುಚಿದ ಕಳ್ಳನಿಗೂ ಬಹುವಚನವಾ?”

ಬನ್ನಿ ಮೇಡಂ ಬಾಯಿ ತೆರೆದಳು. “ಅವ್... ಅವ್ನು...” ಎಂದು ತಡವರಿಸಿ, ಕೊನೆಗೆ ‘ಆ ಮನುಷ್ಯ’ ಎಂಬಲ್ಲಿಗೆ ಬಂದು ನಿಂತಳು.

ಹೊರಬರುತ್ತಲೇ ಗಂಡ ನೆಟ್ಟಗೆ ಬೀಗದವನ ಅಂಗಡಿಗೆ ಹೋದ. “ಕಣ್ಣೆದುರಿಗೇ ನಡೀತಿದ್ರೂ ಕೂತಿದ್ದೀಯಲ್ಲಯ್ಯಾ, ಮನುಷ್ಯನಾ ನೀನು?”

ಬೀಗದವನ ಮುಖ ಬಾಡಿತು. “ನೋಡ್ದೆ ಸಾರ್, ಇಲ್ಲ ಅನ್ನಲ್ಲ. ಆದ್ರೆ ಅಮ್ಮಾವ್ರು ‘ರೀ, ಬಿಡ್ರೀ’ ಅಂತಿದ್ರು. ಮನೆಯವರೇ ಇರ್ಬೇಕು ಅನ್ಕೊಂಡೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನಮಗ್ಯಾಕೆ ಅಂತ...”

ಗಂಡನೇ ಆದರೂ ಹೆಂಡತಿಯ ಕೈ ತಿರುಚಬಹುದೇನಯ್ಯಾ ಎಂದು ಅವನನ್ನು ಆಗ ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಆದರೆ ಬನ್ನಿ ಮೇಡಂ ಆ ‘ರೀ’ ಎಂಬ ಮಾತಿಗೇ ಸಿಕ್ಕಿಕೊಂಡಿದ್ದಳು. ಹೌದಲ್ಲ, ಮನೆಯಲ್ಲಿ ಗಂಡನನ್ನು ಕರೆಯುವುದೂ ‘ರೀ’, ಅಂಡರ್‌ಪಾಸಿನಲ್ಲಿ ಕಳ್ಳನಿಗೆ ಅಂದದ್ದೂ ‘ರೀ’. ಕೇಳಿದವರಾದರೂ ಏನು ತಿಳಿದಾರು!

ಅವತ್ತು ರಾತ್ರಿ ಊಟಕ್ಕೆ ಕೂತಾಗ ಗಂಡ ಮಾತು ತೆಗೆದ. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವವನು, ಕೆಟ್ಟವನಲ್ಲ, ಹೆದರಿದ್ದ. “ಈ ತಿಂಗಳು ನಂಗೆ ಬೆಳಗಿನ ಪಾಳಿ. ಸಂಜೆ ಬಂದು ಕರ್ಕೊಂಡು ಬರ್ತೀನಿ. ಮುಂದಿನ ತಿಂಗಳಿಂದ ಆಗಲ್ಲ. ಅಷ್ಟರಲ್ಲಿ ಕೆಲಸ ಬಿಟ್ಬಿಡು.”

“ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೋ?” ಎಂದವರು ಅತ್ತೆ.

“ನೆಗಡಿಯಲ್ಲಮ್ಮಾ ಇದು. ಜೀವಕ್ಕೆ ಬಂದಿದ್ರೆ?”

ಬನ್ನಿ ಮೇಡಂಗೆ ಒಳಗೊಳಗೇ ಸಿಟ್ಟು ಬಂದಿತ್ತು. ಆ ಮೇಜು ಅವಳದು. ಅದರ ಎಡ ಡ್ರಾಯರಿನಲ್ಲಿ ಲವಂಗದ ಡಬ್ಬಿ, ಅಳುವ ಮಕ್ಕಳಿಗೆಂದು ಬಣ್ಣದ ಪೆನ್ಸಿಲ್ಲು. ಮನೆಯಲ್ಲಿ ಅವಳು ಸೊಸೆ, ಹೆಂಡತಿ. ಆ ಮೇಜಿನ ಹಿಂದೆ ಅವಳು ಅವಳೇ. ಯಾವನೋ ಕೈ ತಿರುಚಿದ ಎಂದು ಅದನ್ನು ಬಿಟ್ಟುಕೊಡುವುದೇ? ಚೀಲ ಕೊಟ್ಟದ್ದು ಸಾಲದೇ?

“ಈ ತಿಂಗಳು ಮುಗೀಲಿ, ಆಮೇಲೆ ಹೇಳ್ತೀನಿ ರೀ” ಎಂದಳು. ಬಿಡುತ್ತೇನೆ ಎನ್ನಲಿಲ್ಲ.

ಆ ವಾರ ಕ್ಲಿನಿಕ್ಕಿಗೆ ದವಡೆಹಲ್ಲು ಕೀಳಿಸಿಕೊಳ್ಳಲು ಒಬ್ಬ ದಪ್ಪನೆಯ ಹೆಂಗಸು ಬಂದರು. ಜೈಲಿನಲ್ಲಿ ಮಹಿಳಾ ಕೈದಿಗಳ ವಾರ್ಡರ್ ಆಗಿ ನಿವೃತ್ತರಾದವರು, ಬೀದಿಯವರಿಗೆಲ್ಲ ‘ಜೈಲಕ್ಕ’. ಸೂಜಿ ಕಂಡದ್ದೇ ಅವರು ಹಾಕಿದ ಕೂಗಿಗೆ ಕಿಟಕಿಯ ಗಾಜು ನಡುಗಿತು. ಹೊರಗೆ ಬಂದು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ಬನ್ನಿ ಮೇಡಂನ ಮಣಿಕಟ್ಟಿನ ಪಟ್ಟಿ ನೋಡಿ ಏನಾಯಿತೆಂದು ಕೇಳಿದರು. ಕೇಳಿ ಮುಗಿದ ಮೇಲೆ, “ಭಾನುವಾರ ಬೆಳಿಗ್ಗೆ ಲೈಬ್ರರಿ ಹಿಂದಿನ ಹಾಲಿಗೆ ಬಾ. ಹೆಂಗಸರಿಗೆ ಕಲಿಸ್ತೀನಿ” ಎಂದರು.

ಹೋದಳು. ಜೈಲಕ್ಕನಿಗೆ ಮಂಡಿನೋವು, ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಆದರೆ ಕೈ ಹಿಡಿದರೆ ಇಕ್ಕಳ.

“ಮೊದ್ಲು ಬಾಯಿ, ಆಮೇಲೆ ಮೊಣಕೈ, ಆಮೇಲೆ ಕಾಲಿಗೆ ಬುದ್ಧಿ ಹೇಳೋದು. ನಾವು ಕುಸ್ತಿ ಗೆಲ್ಲೋಕೆ ಬಂದಿಲ್ಲ, ಮನೆಗೆ ಹೋಗೋಕೆ ಬಂದಿದ್ದೀವಿ. ಚೀಲ ಕೇಳಿದ್ನಾ, ಬಿಸಾಕು. ನಿನ್ನನ್ನ ಹಿಡಿದ್ನಾ, ಅವನ ಹೆಬ್ಬೆರಳು ಇರೋ ಕಡೆಗೆ ಕೈ ತಿರುಗಿಸಿ ಕಿತ್ಕೋ. ಹಿಡಿತ ಸಡಿಲ ಇರೋದು ಅಲ್ಲೇ.”

ಕೈ ಬಿಡಿಸಿಕೊಳ್ಳುವುದು ಬನ್ನಿ ಮೇಡಂಗೆ ಬೇಗ ಬಂತು. ಹಿಮ್ಮಡಿಯಿಂದ ಪಾದ ತುಳಿಯುವುದೂ ಬಂತು. ಬಾರದೇ ಹೋದದ್ದು ಬಾಯಿ. ಜೈಲಕ್ಕ ಕೈ ಹಿಡಿದು, “ಈಗ ಕೂಗು!” ಎಂದರು.

“ಬಿಡಿ!”

ಹಾಲಿನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

“ಹಾಗೇ ಕೂತ್ಕೊಳ್ಳಿ ಅಂತ ಒಂದು ಕುರ್ಚಿನೂ ಹಾಕು ಅವನಿಗೆ!” ಎಂದರು ಜೈಲಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದರು. “ನೋಡು, ನಿನ್ನ ಕೂಗು ಅವನಿಗಲ್ಲ, ಸುತ್ತ ಇರೋರಿಗೆ. ಇವನು ನನ್ನವನಲ್ಲ ಅಂತ ಅವರಿಗೆ ಗೊತ್ತಾಗ್ಬೇಕು. ‘ಬಿಡೋ, ಯಾರೋ ನೀನು?’ ಅನ್ನು. ಆ ಮಾತು ಕೇಳಿ ಯಾರೂ ತಲೆ ತಗ್ಗಿಸೋಕಾಗಲ್ಲ.”

ಎರಡೇ ಮಾತು. ಮೂರು ವರ್ಷದ ಮಗುವೂ ಅನ್ನುತ್ತದೆ. ಅವಳ ನಾಲಿಗೆ ಮಾತ್ರ ‘ಬಿಡ’ ಎಂಬಲ್ಲಿಗೆ ಬಂದು ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಅಭ್ಯಾಸ ಮಾಡಿದಳು. ನೀರು ಬಾರದ ನಲ್ಲಿಗೆ, “ಬಾರೋ!” ಕೂಗುವ ಕುಕ್ಕರಿಗೆ, “ಸುಮ್ನಿರೋ!” ಕುಕ್ಕರಿನ ಮೇಲೆ ಏಕವಚನ ನಡೆಯಿತು. ಕನ್ನಡಿಯಲ್ಲಿ ಮನುಷ್ಯನ ಮುಖ ಕಂಡ ಕೂಡಲೇ ಮತ್ತೆ ‘ಬಿಡಿ’.

ಒಂದು ಮಧ್ಯಾಹ್ನ ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಒಳಗೆ ಬಂದು, ಸೊಸೆಯ ಮಣಿಕಟ್ಟು ಗಟ್ಟಿಯಾಗಿ ಹಿಡಿದರು.

“ಅತ್ತೆ, ಏನ್ ಮಾಡ್ತಿದ್ದೀರಿ?”

“ಅತ್ತೆ ಅಲ್ಲ. ನಾನೇ ಕಳ್ಳ. ಕೂಗು.”

“ನಿಮ್ಗೆ ಹೇಗೆ ಅತ್ತೆ...”

“ನಿನ್ನ ನಾಲಿಗೆಗೆ ಗಂಟು ಹಾಕಿದ್ದು ನಾನು. ಬಿಚ್ಚೋದೂ ನಾನೇ.” ಅತ್ತೆ ಹಿಡಿತ ಬಿಗಿ ಮಾಡಿದರು. “ಎಲ್ಲಾರಿಗೂ ಮರ್ಯಾದೆ ಕೊಡು ಅಂತ ಹೇಳ್ಕೊಟ್ಟೆ. ಉಳಿಸ್ಕೊಂಡೋರಿಗೆ ಮಾತ್ರ ಕೊಡು ಅನ್ನೋದನ್ನ ಮರ್ತೆ. ಕೂಗೇ ತಾಯಿ, ನಾನು ಬಿಡಲ್ಲ.”

ಅತ್ತೆ ನಿಜಕ್ಕೂ ಬಿಡಲಿಲ್ಲ. ವಾಸಿಯಾಗುತ್ತಿದ್ದ ಮಣಿಕಟ್ಟು ನೊಂದಿತು. ಬನ್ನಿ ಮೇಡಂಗೆ ಅಳು ಬಂತು, ಅಳುವಿನ ಹಿಂದೆ ಸಿಟ್ಟು, ಸಿಟ್ಟಿನ ಬೆನ್ನಿಗೇ ಮಾತು. “ಬಿಡೋ! ಯಾರೋ ನೀನು?” ಮೇಲಿನ ಮನೆಯವರು ಕಿಟಕಿ ತೆರೆದು, “ಏನಾಯ್ತು? ಕೆಳಗೆ ಬರ್ಬೇಕಾ?” ಎಂದು ಕೂಗಿದರು. ಅತ್ತೆ ಕೈಬಿಟ್ಟು, ಕಣ್ಣೊರೆಸಿಕೊಂಡು, “ಏನಿಲ್ಲ, ನನ್ನ ಸೊಸೆ ನಂಗೆ ಬೈತಿದ್ದಾಳೆ!” ಎಂದು ಹೆಮ್ಮೆಯಿಂದ ಉತ್ತರ ಕೊಟ್ಟರು. ಆ ಮೇಲೆ ದಿನವೂ ಬೈಸಿಕೊಂಡರು.

ತಿಂಗಳು ಮುಗಿಯಿತು, ಗಂಡನ ಪಾಳಿ ಬದಲಾಯಿತು. ಅವನು ಕೆಲಸದ ಮಾತು ಎತ್ತುವ ಮೊದಲೇ ಅವಳು, “ಇವತ್ತು ನಡ್ಕೊಂಡು ಬರ್ತೀನಿ ರೀ. ಬೆಳಕಿರೋ ಹಾಗೇ ಹೊರಡ್ತೀನಿ, ಡಾಕ್ಟರಮ್ಮಂಗೆ ಹೇಳಿದ್ದೀನಿ” ಎಂದಳು. ಅವನು ತಾಯಿಯ ಮುಖ ನೋಡಿದ. ಅತ್ತೆ, “ನನ್ನನ್ನೇನು ನೋಡ್ತೀಯೋ, ಅವಳು ಹೇಳಿದ್ದು ಕೇಳಿಸ್ಲಿಲ್ವಾ?” ಎಂದರು.

ಮೊದಲ ವಾರ ಏನೂ ಆಗಲಿಲ್ಲ. ಪ್ರತಿ ಸಂಜೆ ಅಂಡರ್‌ಪಾಸಿನ ಅರೆಗತ್ತಲನ್ನು ಅವಳು ಹಲ್ಲು ಕಚ್ಚಿ ದಾಟುತ್ತಿದ್ದಳು. ನಡುವಿನಲ್ಲಿ ನಡೆಯುತ್ತಿದ್ದಳು, ಗೋಡೆಯ ಪಕ್ಕ ಅಲ್ಲ. ಫೋನನ್ನು ಚೀಲದಲ್ಲಿಡುತ್ತಿದ್ದಳು, ಕಿವಿಯಲ್ಲಿ ಅಲ್ಲ. ಬೀಗದವನು ದಿನವೂ ಎದ್ದು ನಿಂತು ಅವಳು ದಾಟುವವರೆಗೆ ನೋಡುತ್ತಿದ್ದ.

ಎರಡನೇ ವಾರ ಒಂದು ಸಂಜೆ ಹಿಂದೆ ಹೆಜ್ಜೆಯ ಸದ್ದು ಕೇಳಿತು. ಅವಳು ನಿಂತು ತಿರುಗಿ ನೋಡಿದಳು. ಜೈಲಕ್ಕ ಹಾಗೇ ಹೇಳಿಕೊಟ್ಟಿದ್ದರು. ಬಲಗೈ ಮೇಲೆ ಸುಟ್ಟ ಕಲೆ. ಅವನೇ. ಅವನಿಗೂ ಗುರುತು ಸಿಕ್ಕಿತು. ಇವಳು ಬಾಯಿಲ್ಲದವಳು ಎಂಬ ಧೈರ್ಯದಿಂದ ನಕ್ಕ. ಅವಳು ಚೀಲವನ್ನು ಅವನ ಕಾಲ ಬಳಿ ಬಿಸಾಕಿದಳು. ಅವನು ಅದನ್ನು ದಾಟಿ ಬಂದು ಅವಳ ಮಣಿಕಟ್ಟಿಗೇ ಕೈ ಹಾಕಿದ.

“ರೀ...” ಎಂದಿತು ನಾಲಿಗೆ, ಹಳೇ ಚಾಳಿ. ಅದನ್ನು ಕೇಳಿಸಿಕೊಂಡ ಅವಳಿಗೆ ತನ್ನ ಮೇಲೇ ಮೈಯೆಲ್ಲ ಉರಿಯಿತು. ಆ ಉರಿಯೇ ಮಾತಾಯಿತು.

“ಬಿಡೋ! ಯಾರೋ ನೀನು? ಕೈ ತೆಗಿಯೋ!”

ಆ ಕೂಗನ್ನು ಅಂಡರ್‌ಪಾಸಿನ ಗೋಡೆಗಳು ಎತ್ತಿ ಎರಡೂ ತುದಿಗೆ ಒಯ್ದವು. ಅವಳು ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಕಿತ್ತುಕೊಂಡಳು, ಹಿಮ್ಮಡಿಯಿಂದ ಅವನ ಪಾದ ತುಳಿದಳು, ಅವನು ಬಗ್ಗಿದಾಗ ಮೊಣಕೈ ಬೀಸಿದಳು. ಅದು ಎಲ್ಲಿ ತಾಗಿತೋ ಅವಳಿಗೇ ಗೊತ್ತಿಲ್ಲ. ಆಮೇಲೆ ಬೆಳಕಿನ ಕಡೆಗೆ ಓಡಿದಳು, ಕೂಗುತ್ತಲೇ ಓಡಿದಳು. ಬೀಗದವನು ಎದುರಿನಿಂದ ಹಾರಿ ಬಂದ. ಕ್ಲಿನಿಕ್ಕಿನ ಕಡೆಯ ಬಸ್ ಸ್ಟಾಪಿನಲ್ಲಿದ್ದವರೂ ನುಗ್ಗಿದರು. ಕಳ್ಳ ಕುಂಟುತ್ತಾ ಎರಡೂ ಕಡೆಯವರ ನಡುವೆ ಸಿಕ್ಕಿಬಿದ್ದ.

ನಾಲ್ಕು ಜನ ಅವನನ್ನು ಹಿಡಿದುಕೊಂಡ ಮೇಲೆ ಅವಳು ಹಿಂದಿರುಗಿ ಬಂದಳು. ಅವಳನ್ನು ಕಂಡು ಅವನ ದನಿ ಜೇನಾಯಿತು. “ಮೇಡಂ, ಬಿಡಿ ಮೇಡಂ. ತಪ್ಪಾಯ್ತು. ನೀವು ದೊಡ್ಡೋರು, ಹೊಟ್ಟೆಗೆ ಹಾಕ್ಕೊಳ್ಳಿ. ಬಿಟ್ಬಿಡಿ.”

ಎಷ್ಟು ಚಂದದ ಬಹುವಚನ! ಗುಂಪಿನಲ್ಲಿದ್ದ ಹಿರಿಯರೊಬ್ಬರು ಕರಗಿಯೇಬಿಟ್ಟರು. “ಕೇಳ್ಕೋತಿದ್ದಾನಲ್ಲಮ್ಮಾ. ಠಾಣೆ ಗೀಣೆ ಯಾಕೆ, ಹೋಗ್ಲಿ ಬಿಡಿ.”

ಬನ್ನಿ ಮೇಡಂ ಚೀಲ ಎತ್ತಿಕೊಂಡು ಧೂಳು ಕೊಡವಿದಳು.

“ಬಿಡೋದಿಲ್ಲ” ಎಂದಳು.

ಬೀಗದವನು ಕಳ್ಳನ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದು, ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. “ಅವತ್ತು ತಪ್ಪು ಮಾಡ್ದೆ ಅಕ್ಕಾ. ಇನ್ಮೇಲೆ ಗಂಡನೇ ಆಗಿದ್ರೂ ಎದ್ದು ಬರ್ತೀನಿ.”

ಠಾಣೆಯಲ್ಲಿ ಅದೇ ಮಹಿಳಾ ಪೇದೆ ಇದ್ದರು. ಪೆನ್ನು ತೆಗೆದು, “ಹೇಳಿ, ಏನಾಯ್ತು?” ಎಂದರು.

“ಅವನು ಹಿಂದಿನಿಂದ ಬಂದ. ಅವನು ನನ್ನ ಕೈ ಹಿಡಿದ. ತಿಂಗಳ ಹಿಂದೆ ಕೈ ತಿರುಚಿದವನೂ ಅವನೇ” ಎಂದಳು ಬನ್ನಿ ಮೇಡಂ. ಪೇದೆ ಒಂದು ಕ್ಷಣ ಕತ್ತೆತ್ತಿ ನೋಡಿದರು, ನಕ್ಕರು, ಆದರೆ ಪೆನ್ನು ನಿಲ್ಲಿಸಲಿಲ್ಲ.

ಸುದ್ದಿ ತಿಳಿದು ಗಂಡ ಪ್ರೆಸ್ಸಿನಿಂದ ಓಡಿ ಬಂದ. ಕೈಗೆ ಮೆತ್ತಿದ ಶಾಯಿ ಹಾಗೇ ಇತ್ತು. ಅವಳ ಮಣಿಕಟ್ಟು ಮುಟ್ಟಿ ನೋಡಿದ, ಮುಖ ನೋಡಿದ, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತವನನ್ನು ನೋಡಿದ. “ನಾಳೆಯಿಂದ...” ಎಂದು ಶುರು ಮಾಡಿದ.

“ನಾಳೆ ನಾನು ನಡ್ಕೊಂಡೇ ಬರೋದು ರೀ” ಎಂದಳು ಅವಳು.

ಆ ‘ರೀ’ ಎಂದಿನ ಹಾಗೇ ಮೆತ್ತಗಿತ್ತು. ಅದು ಅವನದು, ಅವನೊಬ್ಬನದು. ಗಂಡ ಶಾಯಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸರಿ ಎಂದ.