ತಮ್ಮನ ಪೆಟ್ಟಿಗೆ

ಆ ಮನೆಯ ಮುಂದೆ ಗ್ರೀಸಣ್ಣ ಆಗಲೇ ಎರಡು ಸಲ ಹಾದುಹೋಗಿದ್ದ. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಇವನನ್ನೇ ನೋಡತೊಡಗಿದ. ಯುದ್ಧದ ಕಾಲ, ಪರಸ್ಥಳದವರನ್ನು ಕಂಡರೆ ಎಲ್ಲರಿಗೂ ಅನುಮಾನ. ಇನ್ನೊಂದು ಸುತ್ತು ಹೊಡೆದರೆ ಪೊಲೀಸರನ್ನು ಕರೆಯುತ್ತಾರೆ ಎಂದು ಹೆದರಿ, ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು ಬಾಗಿಲು ತಟ್ಟಿದ.

ಗ್ರೀಸಣ್ಣ ವಿಮಾನದ ಫಿಟ್ಟರ್. ಮೊದಲು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಕೊಂಡಿದ್ದವನು. ಯುದ್ಧ ಶುರುವಾದದ್ದೇ ತಡ, ಅವನಿಗೆ ಅಷ್ಟಿಷ್ಟು ತರಬೇತಿ ಕೊಟ್ಟು ಎಂಜಿನ್ ಮುಂದೆ ನಿಲ್ಲಿಸಿದ್ದರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ, ಅದರಿಂದಲೇ ಆ ಹೆಸರು. ಫೋಟೊ ತೆಗೆಸುವಾಗಲೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ. ಕಳ್ಳನನ್ನು ಹಿಡಿದು ನಿಲ್ಲಿಸಿದ ಹಾಗಿದೆ ಎಂದು ಅವನಕ್ಕ ಆಡಿಕೊಂಡು ನಕ್ಕಿದ್ದಳು. ಎಂಥ ಹಟಮಾರಿ ಎಂಜಿನ್ನಿಗೂ ಹೆದರದ ಮನುಷ್ಯ ಈಗ ಒಂದು ಮರದ ಬಾಗಿಲ ಮುಂದೆ ಹೆದರಿ ನಿಂತಿದ್ದ. ಒಳಗಿದ್ದ ತಾಯಿಗೆ ಅವಳ ಮಗ ಸತ್ತಿದ್ದಾನೆ ಎಂದು ನಂಬಿಸಬೇಕಾಗಿತ್ತು. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿದ್ದರೆ ಅದು ಅವನಿಗೆ ಗೊತ್ತಿರಲಿಲ್ಲ.

ಆ ಮಗನನ್ನು ವಿಮಾನ ನಿಲ್ದಾಣದಲ್ಲಿ ಎಲ್ಲರೂ ತಮ್ಮ ಎಂದೇ ಕರೆಯುತ್ತಿದ್ದರು. ಇನ್ನೂ ಸರಿಯಾಗಿ ಮೀಸೆ ಬಾರದ ಹುಡುಗ, ಆದರೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಒಬ್ಬನೇ ವಿಮಾನ ಹಾರಿಸಿಕೊಂಡು ಹೋಗಿ ಶತ್ರುಗಳ ಹಡಗುಗಳು ಎಲ್ಲಿವೆ ಎಂದು ನೋಡಿಬರುವುದು ಅವನ ಕೆಲಸ. ಅವನ ಕೋಣೆಯಲ್ಲಿ ಇನ್ನೂ ಮೂವರು: ಗ್ರೀಸಣ್ಣ, ರೇಡಿಯೋ ನೋಡಿಕೊಳ್ಳುವ ಕುಳ್ಳ, ಹವಾಮಾನ ಹೇಳುವ ಮಾವ. ಮಾವನಿಗೆ ವಯಸ್ಸಾಗಿತ್ತು, ಕಣ್ಣು ಮಂಜು. ಅವನು ಬಿಸಿಲು ಎಂದ ದಿನ ಉಳಿದವರು ಕೊಡೆ ಹುಡುಕುತ್ತಿದ್ದರು. ಮಾವ ಸಿಟ್ಟಿನಿಂದ ಕನ್ನಡಕ ತೆಗೆದು ಎಲ್ಲೋ ಇಡುವುದು, ಆಮೇಲೆ ನಾಲ್ವರೂ ಸೇರಿ ಹುಡುಕುವುದು, ಇದು ದಿನದ ಪಾಡು. ಬಟ್ಟೆಯಲ್ಲಿ ನಿನ್ನದು ನನ್ನದು ಎಂಬ ಮಾತೇ ಇರಲಿಲ್ಲ. ಒಗೆದು ಒಣಗಿದ್ದು ಯಾರ ಕೈಗೆ ಸಿಕ್ಕಿತೋ ಅವರ ಮೈಗೆ. ಕುಳ್ಳನ ಅಂಗಿ ತೊಟ್ಟ ತಮ್ಮನ ಮುಂಗೈ ಅಷ್ಟುದ್ದ ಹೊರಗೆ ಚಾಚಿಕೊಂಡಿರುತ್ತಿತ್ತು.

ಅವರಲ್ಲಿ ಒಂದು ಕಟ್ಟುಪಾಡಿತ್ತು. ಹಾರುವವನು ತನ್ನ ಮೈಮೇಲಿನದೊಂದನ್ನು ನೆಲದ ಮೇಲೆ ಉಳಿಯುವವನಿಗೆ ಕೊಟ್ಟು, ಅವನದನ್ನು ತಾನು ತೊಟ್ಟು ಹೋಗಬೇಕು. ಎರವಲು ತಂದದ್ದನ್ನು ವಾಪಸ್ ಕೊಡಲಿಕ್ಕಾದರೂ ಮನುಷ್ಯ ತಿರುಗಿ ಬರಲೇಬೇಕಲ್ಲ. ಅವನು ಬರುವವರೆಗೆ ಇವನು ಅದನ್ನು ಬಿಚ್ಚುವಂತಿಲ್ಲ. ಹುಚ್ಚು ಎಂದು ಮಾವ ಬೈಯುತ್ತಿದ್ದ, ಆದರೆ ತಮ್ಮ ಮರೆತರೆ ನೆನಪಿಸುತ್ತಿದ್ದವನೂ ಅವನೇ.

ಆ ದಿನ ತಮ್ಮ ಬರಲಿಲ್ಲ. ಗುಂಡು ತಾಗಿದೆ, ಕೆಳಗೆ ಬರೀ ನೀರು ಎಂದು ಅವನು ರೇಡಿಯೋದಲ್ಲಿ ಹೇಳಿದ್ದೇ ಕುಳ್ಳನ ಕಿವಿಗೆ ಬಿದ್ದ ಕೊನೆಯ ಮಾತು. ಕುಳ್ಳ ಸಂಜೆಯವರೆಗೂ ಕಿವಿಗೆ ಹಾಕಿದ್ದ ರೇಡಿಯೋ ಯಂತ್ರ ತೆಗೆಯದೆ ತಮ್ಮನನ್ನು ಕೂಗುತ್ತಲೇ ಇದ್ದ. ವಿಮಾನ ಉರಿಯುತ್ತ ಸಮುದ್ರಕ್ಕೆ ಬಿದ್ದದ್ದನ್ನು ಇನ್ನೊಬ್ಬ ಪೈಲಟ್ ಕಣ್ಣಾರೆ ಕಂಡಿದ್ದ. ಹೆಣ ಸಿಗಲಿಲ್ಲ. ಮನೆಗೆ ಕಳಿಸಲು ಪೆಟ್ಟಿಗೆ ತುಂಬುವ ಕೆಲಸ ಕೋಣೆಯ ಮೂವರ ಪಾಲಿಗೆ ಬಂತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಮ್ಮನ ಮಂಚದ ಮೇಲೆ ಏನಿತ್ತೋ ಅದನ್ನೆಲ್ಲ ಬಾಚಿ ತುಂಬಿ ಮುಚ್ಚಳ ಹಾಕಿದರು. ಆಮೇಲೆ ಮಾವ ತನ್ನ ಕನ್ನಡಕಕ್ಕಾಗಿ ಕೋಣೆಯನ್ನೆಲ್ಲ ತಲೆಕೆಳಗು ಮಾಡಿದ. ಅದು ರೈಲು ಹತ್ತಿಯಾಗಿತ್ತು.

ಕೆಲವು ವಾರಗಳಾದ ಮೇಲೆ ತಮ್ಮನ ತಂಗಿಯಿಂದ ಕಾಗದ ಬಂತು. ಪೆಟ್ಟಿಗೆ ಬೇರೆ ಯಾರದ್ದೋ, ಸತ್ತವನೂ ಬೇರೆ ಯಾರೋ ಎಂದು ಅಮ್ಮ ಹಟ ಹಿಡಿದಿದ್ದಾಳೆ. ಮಗ ಗಾಯಗೊಂಡು ಎಲ್ಲೋ ಮಲಗಿದ್ದಾನೆ, ಬಂದರಿನ ಆಸ್ಪತ್ರೆಗಳಲ್ಲಿ ಹುಡುಕುತ್ತೇನೆ ಎಂದು ಹೊರಡಲು ನಿಂತಿದ್ದಾಳೆ. ಬಂದರಿನ ಮೇಲೆ ದಿನಾ ಬಾಂಬು ಬೀಳುತ್ತಿತ್ತು. ನಿಮ್ಮಲ್ಲಿ ಯಾರಾದರೂ ಬಂದು ಹೇಳಿ, ಎಂದು ಹುಡುಗಿ ಬೇಡಿಕೊಂಡಿದ್ದಳು. ಮಾವನ ಕಾಲಿಗೆ ಪ್ರಯಾಣ ಆಗದು. ತಮ್ಮನ ಮಾತೆತ್ತಿದರೆ ಕುಳ್ಳ ಎದ್ದು ಹೊರಗೆ ಹೋಗುತ್ತಿದ್ದ. ಹಾಗಾಗಿ ಗ್ರೀಸಣ್ಣ ಬಂದಿದ್ದ.

ಬಾಗಿಲು ತೆಗೆದವಳು ತಂಗಿ. ಅಣ್ಣನಂತೆಯೇ ಎತ್ತರ. ಇವನ ಸಮವಸ್ತ್ರ ನೋಡಿದ್ದೇ ಅವಳ ಕಣ್ಣು ತುಂಬಿತು. "ಸದ್ಯ ಬಂದ್ರಲ್ಲ," ಎಂದು ಪಿಸುಗುಟ್ಟಿದಳು. "ಇವತ್ತು ಸಂಜೆ ಗಾಡಿಗೇ ಹೊರಟಿದ್ದಾಳೆ. ನನ್ನ ಮಾತು ಕಿವಿಗೇ ಹಾಕ್ಕೊಳ್ತಿಲ್ಲ."

ಒಳಗೆ ಚಿಕ್ಕ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಪೆಟ್ಟಿಗೆ, ಪಕ್ಕದಲ್ಲಿ ಕಟ್ಟಿಟ್ಟ ಗಂಟು. ತಾಯಿ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದಳು. ಇವನನ್ನು ನೋಡಿ ಎದ್ದು ಬಂದಳು.

"ಬಾಪ್ಪಾ, ಕೂತ್ಕೋ. ಪೆಟ್ಟಿಗೆ ತಗೊಂಡು ಹೋಗೋಕೆ ಬಂದ್ಯಾ? ಒಂದು ವಸ್ತುನೂ ಆಚೀಚೆ ಆಗಿಲ್ಲ, ಜೋಪಾನವಾಗಿ ಇಟ್ಟಿದ್ದೀನಿ. ಪಾಪ, ಯಾವ ತಾಯಿ ಹೊಟ್ಟೆ ಉರಿಯುತ್ತೋ. ಆ ಹುಡುಗ ನಿನಗೆ ಗೊತ್ತಿದ್ನಾ?"

"ಗೊತ್ತಿದ್ದ ಅಮ್ಮಾ."

"ಸ್ನೇಹಿತನಾ?"

ಗ್ರೀಸಣ್ಣ ತಲೆಯಾಡಿಸಿದ. ಅವಳು ಅವನ ಭುಜದ ಮೇಲೆ ಕೈಯಿಟ್ಟು, "ಅಳಬೇಡಪ್ಪ, ಧೈರ್ಯ ತಗೋ," ಎಂದಳು. ಸಮಾಧಾನ ಮಾಡಲು ಬಂದವನಿಗೇ ಸಮಾಧಾನ.

"ಎಷ್ಟು ಬೆವರ್ತಿದ್ದೀಯಲ್ಲ, ಕೋಟು ಬಿಚ್ಚಪ್ಪ."

"ಬೇಡಮ್ಮ, ಇರಲಿ."

"ಬಿಚ್ಚು, ಸೆಕೆ ಇದೆ."

"ಬೇಡ," ಎಂದ ಗ್ರೀಸಣ್ಣ. ದನಿ ಸ್ವಲ್ಪ ಒರಟಾಯಿತು. ತಂಗಿ ಬೆಚ್ಚಿ ನೋಡಿದಳು.

ತಾಯಿ ಬೇಜಾರು ಮಾಡಿಕೊಳ್ಳದೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಂದು ಅಂಗಿ ಎತ್ತಿ ತನ್ನ ಮಗಳ ಬೆನ್ನಿಗೆ ಹಿಡಿದು ತೋರಿಸಿದಳು. "ನೋಡು, ಇವಳಿಗೇ ಸಾಲದು. ಇವಳಣ್ಣ ಇವಳಿಗಿಂತ ಒಂದು ಗೇಣು ಎತ್ತರ. ಇದು ನೋಡು, ಕನ್ನಡಕ. ಓಡೋ ಇಲಿಯ ಮೀಸೆ ಎಣಿಸ್ತಿದ್ದ ನನ್ನ ಮಗ, ಅವನಿಗೆ ಕನ್ನಡಕ ಯಾಕೆ? ಕಚೇರಿಯೋರು ಕಣ್ಣು ಮುಚ್ಕೊಂಡು ಕೆಲಸ ಮಾಡ್ತಾರೆ, ಅಷ್ಟೆ."

"ಕಚೇರಿಯವರಲ್ಲ ಅಮ್ಮಾ, ತುಂಬಿದ್ದು ನಾವೇ," ಎಂದ ಗ್ರೀಸಣ್ಣ. "ಆ ಅಂಗಿ ಕುಳ್ಳನದು. ಕನ್ನಡಕ ಮಾವನದು. ಇಬ್ಬರೂ ಬದುಕಿದ್ದಾರೆ. ನಾವು ನಾಲ್ಕು ಜನ ಒಂದೇ ಕೋಣೇಲಿದ್ವಿ. ಬಟ್ಟೆಯೆಲ್ಲ ಒಬ್ಬರದು ಒಬ್ಬರು ಹಾಕ್ಕೊಳ್ತಿದ್ವಿ. ಆವತ್ತು ನಮಗೆ ತಲೆ ಕೆಟ್ಟಿತ್ತು, ಸಿಕ್ಕಿದ್ದೆಲ್ಲ ತುಂಬಿಬಿಟ್ವಿ."

ಈಗ ಅರ್ಥವಾಗುತ್ತದೆ ಎಂದುಕೊಂಡ. ಆದದ್ದು ತಿರುವುಮುರುವು. ಅವಳ ಮುಖ ಅರಳಿತು.

"ಕೇಳಿದ್ಯಾ?" ಎಂದು ಮಗಳ ಕಡೆ ತಿರುಗಿದಳು. "ಇವರ ಬಾಯಿಂದಲೇ ಬಂತು. ನಿಮ್ಮಣ್ಣನ ವಸ್ತು ಇದರಲ್ಲಿ ಒಂದೂ ಇಲ್ಲ. ನಾನು ಹೆಣೆದ ಸ್ವೆಟರೂ ಇಲ್ಲ. ಯಾಕಿಲ್ಲ? ಅವನ ಮೈಮೇಲಿದೆ, ಅದಕ್ಕೇ ಇಲ್ಲ. ಅದು ಹಾಕ್ಕೊಂಡಿದ್ರೆ ಅವನಿಗೆ ಎಂಥ ನೀರಲ್ಲೂ ಚಳಿಯಾಗಲ್ಲ. ಎಲ್ಲೋ ದಡಕ್ಕೆ ಬಿದ್ದಿದ್ದಾನೆ, ಯಾರೋ ಪುಣ್ಯಾತ್ಮರು ಎತ್ಕೊಂಡಿದ್ದಾರೆ." ಅವಳು ಗಂಟು ಕೈಗೆತ್ತಿಕೊಂಡಳು. "ಗಾಡಿಗೆ ಹೊತ್ತಾಯ್ತು. ನೀನು ಈ ಪೆಟ್ಟಿಗೆ ಒಯ್ದು ಅವರವರದ್ದು ಅವರವರಿಗೆ ಕೊಟ್ಬಿಡಪ್ಪ."

ಅವಳು ಹೊಸಿಲ ಹತ್ತಿರ ಹೋಗಿಬಿಟ್ಟಳು. ತಂಗಿ ಅಡ್ಡ ನಿಂತು ತೋಳು ಹಿಡಿದಳು. ತಾಯಿ ಕೊಸರಿಕೊಂಡಳು. ಗ್ರೀಸಣ್ಣ ಎರಡು ಹೆಜ್ಜೆ ಮುಂದೆ ಬಂದ. ಹೇಳದಿದ್ದರೆ ಈ ಹೆಂಗಸು ಬಾಂಬು ಬೀಳುವ ಊರಿಗೆ ಹೋಗುತ್ತಾಳೆ. ಹೇಳಿದರೆ ಅವಳನ್ನು ಎತ್ತಿ ನಿಲ್ಲಿಸಿರುವ ಒಂದೇ ಒಂದು ಆಸೆಯನ್ನು ಇವನೇ ಕೈಯಾರೆ ಮುರಿದ ಹಾಗೆ. ಇನ್ನೂ ಒಂದಿತ್ತು, ಅದನ್ನು ಅವನು ಕುಳ್ಳನಿಗೂ ಹೇಳಿರಲಿಲ್ಲ. ಆ ದಿನ ತಮ್ಮ ಕೊಟ್ಟುಹೋದದ್ದನ್ನು ಇವನು ಇನ್ನೂ ಮೈಮೇಲಿಂದ ಬಿಚ್ಚಿಯೇ ಇರಲಿಲ್ಲ. ಬಿಚ್ಚಿದರೆ ತಮ್ಮ ಸತ್ತ ಎಂದು ಒಪ್ಪಿಕೊಂಡ ಹಾಗೆ. ಈ ತಾಯಿಯ ಹುಚ್ಚೇ ಇವನಿಗೂ ಹಿಡಿದಿತ್ತು.

"ಅಮ್ಮಾ, ಒಂದು ನಿಮಿಷ," ಎಂದ.

ಕುತ್ತಿಗೆಯಿಂದ ಕೆಳಗೆ ಒಂದೊಂದೇ ಗುಂಡಿ ಬಿಚ್ಚಿದ. ಕೋಟು ತೆಗೆದು ಕುರ್ಚಿಯ ಮೇಲಿಟ್ಟ. ಒಳಗೆ ಹಸಿರು ಸ್ವೆಟರ್, ತೊಡೆಯವರೆಗೆ ಇಳಿಬಿದ್ದದ್ದು, ತೋಳು ಎರಡು ಸಲ ಮಡಚಿದ್ದು.

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ತಾಯಿ ಗಂಟು ಕೆಳಗಿಟ್ಟಳು. ಮೆಲ್ಲಗೆ ಹತ್ತಿರ ಬಂದು ಕೊರಳ ಪಟ್ಟಿಯನ್ನು ಮುಟ್ಟಿದಳು. ಅಲ್ಲಿ ಉಣ್ಣೆ ಸಾಲದೆ ಬೇರೆ ಬಣ್ಣ ಸೇರಿಸಿದ್ದಳು. ತೋಳಿನ ಮಡಿಕೆ ಬಿಡಿಸಿದಳು. ಅದು ಗ್ರೀಸಣ್ಣನ ಕಪ್ಪು ಉಗುರುಗಳನ್ನು ದಾಟಿ ಜೋತುಬಿತ್ತು.

"ಇದು ನಿನ್ನ ಹತ್ರ ಯಾಕಿದೆ?"

ಅವನು ಹೇಳಿದ. ಕಟ್ಟುಪಾಡು ಹೇಳಿದ, ಆ ಬೆಳಗ್ಗೆ ವಿಮಾನದ ರೆಕ್ಕೆಯ ಕೆಳಗೆ ನಿಂತು ಇಬ್ಬರೂ ಅದಲುಬದಲು ಮಾಡಿಕೊಂಡದ್ದು ಹೇಳಿದ. ಇದು ಅಮ್ಮ ಹೆಣೆದದ್ದು, ಗ್ರೀಸ್ ಮೆತ್ತಿದ್ರೆ ನಿನ್ನ ಸುಮ್ಮನೆ ಬಿಡಲ್ಲ ಎಂದು ತಮ್ಮ ಗದರಿಸಿದ್ದನ್ನೂ ಹೇಳಿದ. ಉರಿಯುವ ವಿಮಾನವನ್ನು ಕಂಡವನ ಮಾತನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಅವನಿಗೇ ಅಳು ಒತ್ತರಿಸಿಕೊಂಡು ಬಂತು. ಅವಳು ಬೈಯಲಿ, ಹೊಡೆಯಲಿ ಎಂದು ಕಾದ.

ಅವಳು ತೋಳಿನ ತುದಿಯನ್ನು ಬಿಡಲಿಲ್ಲ.

"ಹಾಗಾದ್ರೆ ಆವತ್ತು ಅವನು ಏನು ಹಾಕ್ಕೊಂಡಿದ್ದ?"

"ನನ್ನದು."

"ಬೆಚ್ಚಗಿತ್ತಾ?"

"ಬೆಚ್ಚಗಿತ್ತಮ್ಮ. ದಪ್ಪ ಉಣ್ಣೆ. ನಮ್ಮಕ್ಕ ಹೆಣೆದದ್ದು."

ಅವಳು ತಲೆಯಾಡಿಸಿದಳು. ಹೊರಗೆ ದರ್ಜಿಯ ಯಂತ್ರ ಮತ್ತೆ ಶುರುವಾಗಿತ್ತು. ಅವಳು ಬಗ್ಗಿ ಒಂದೊಂದಾಗಿ ಎರಡೂ ಚಪ್ಪಲಿ ಕಳಚಿ ಬಾಗಿಲ ಪಕ್ಕ ಇಟ್ಟಳು.

"ನಿಮ್ಮಕ್ಕನಿಗೆ ನೀನೇ ಹೇಳ್ಬೇಕು ಕಣಪ್ಪ," ಎಂದಳು. "ಅವಳ ಸ್ವೆಟರ್ ವಾಪಸ್ ಬರಲ್ಲ ಅಂತ ಹೇಳು."