ಮಧ್ಯಾಹ್ನದ ಬದಲಿ ಆಳು

ಅವರ ಎಡತೋಳಿನ ತುಂಬ ಚೌಕ ಚೌಕವಾದ ಕಲೆಗಳಿದ್ದವು. ಹೊಸವು ಕೆಂಪಗಿದ್ದವು, ಹಳೆಯವು ಸುತ್ತಲಿನ ಚರ್ಮಕ್ಕಿಂತ ಬೆಳ್ಳಗೆ. ಶನಿವಾರಸಂತೆಯ ನಮ್ಮ ಮನೆಗೆ ಬಾಡಿಗೆ ಕೋಣೆ ಕೇಳಿಕೊಂಡು ಬಂದ ದಿನ ನನ್ನ ಹೆಂಡತಿ ಅವನ್ನು ಗಮನಿಸಿದ್ದಳು. ಅವರು ಮಹಡಿ ಹತ್ತಿ ಹೋದ ಮೇಲೆ, "ಯಾರೋ ಸುಟ್ಟಿದ್ದಾರೆ ಕಣ್ರೀ, ಪಾಪ" ಎಂದಳು.

ಯಾರೂ ಸುಟ್ಟಿರಲಿಲ್ಲ. ಅವರು ಸಂಶೋಧಕಿ. ಎದೆಬಡಿತದ ಏರುಪೇರನ್ನು ಹಿಡಿಯುವ ಕೈಪಟ್ಟಿಯೊಂದನ್ನು ಅವರ ತಂಡ ಮೈಸೂರಿನಲ್ಲಿ ರೂಪಿಸುತ್ತಿತ್ತು. ಪಟ್ಟಿಯ ಒಳಬದಿಯಲ್ಲಿ ಒಂದು ಚೌಕದ ಬಿಲ್ಲೆ, ಅದು ತೋಳಿಗೆ ಒತ್ತಿಕೊಂಡಿರಬೇಕು. ಹತ್ತಿರದ ಕಾಫಿ ತೋಟವೊಂದರ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಹೆಂಗಸರಿಗೆ ಪಟ್ಟಿ ಕಟ್ಟಿ, ಹಣ್ಣು ಕೊಯ್ಯುವ ಕಾಲದುದ್ದಕ್ಕೂ ನೋಡುವುದು ಅವರ ಕೆಲಸ. ಇನ್ನೊಬ್ಬರಿಗೆ ಕಟ್ಟುವ ಮುಂಚೆ ಪ್ರತಿಯೊಂದನ್ನೂ ತಾವು ಕಟ್ಟಿಕೊಂಡು ನೋಡುತ್ತಿದ್ದರು. "ನನಗೆ ತುರಿಸಿದ್ದು ಅವರಿಗೂ ತುರಿಸುತ್ತೆ ಸರ್" ಎನ್ನುತ್ತಿದ್ದರು.

ಅವರ ಹಿರಿಯರು ಮೈಸೂರು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರು. ತಂದೆ ಒಂದು ಮಧ್ಯಾಹ್ನ ಗದ್ದೆಯ ಬದುವಿನಲ್ಲಿ ಸುಧಾರಿಸಿಕೊಳ್ಳಲು ಕುಳಿತವರು ಮತ್ತೆ ಏಳಲಿಲ್ಲವಂತೆ. ತಂದೆಗೆ ಕಾಯಿಲೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಇಷ್ಟನ್ನು ಅವರು ನನ್ನ ಹೆಂಡತಿಗೆ ಒಮ್ಮೆ ಹೇಳಿದ್ದರು, ಆಮೇಲೆ ಆ ಮಾತು ಎತ್ತಲಿಲ್ಲ.

ನಾನು ಪತ್ರಿಕೆಯ ವರದಿಗಾರ. ಅವರ ಸ್ವಭಾವ ನನಗೆ ಹಿಡಿಸಿತ್ತು. ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ಊಹಿಸಿ ಏನನ್ನೂ ಹೇಳುತ್ತಿರಲಿಲ್ಲ. ಕಾಫಿ ಪೂರ್ತಿ ಆರುವವರೆಗೆ ಲೋಟ ಮುಟ್ಟುತ್ತಿರಲಿಲ್ಲ. "ಮೊದಲು ಯಂತ್ರದ ಮೇಲೆ ಅನುಮಾನ ಪಡಬೇಕು. ಇನ್ನೊಂದು ಕಡೆಯಿಂದಲೂ ಅದೇ ಬಂದ್ರೆ ಆಮೇಲೆ ನಂಬೋದು. ನಿಮ್ಮಲ್ಲೂ ಹಾಗೇ ಅಲ್ವಾ ಸರ್?" ಎಂದು ಕೇಳಿದ್ದರು. ಹಾಗೇ ಎಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಅವರ ಮುಖ ಸಪ್ಪಗಾಯಿತು. ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಪಟ್ಟಿಗಳು ಹಗಲೆಲ್ಲ ಕೂಡಿಟ್ಟ ಲೆಕ್ಕವನ್ನು ಸಂಜೆ ಕೋಣೆಗೆ ಬಂದು ನೋಡಬೇಕಿತ್ತು. ಒಂದು ಪಟ್ಟಿಯಲ್ಲಿ, ಊಟದ ಹೊತ್ತಿಗೆ, ಬಡಿತ ನಡುನಡುವೆ ನಿಲ್ಲುತ್ತಿತ್ತು. ಪರದೆಯ ಮೇಲೆ ಅಷ್ಟು ಜಾಗ ಖಾಲಿ. ನನಗೂ ತೋರಿಸಿದರು. "ಈ ಖಾಲಿ ದಿನದಿಂದ ದಿನಕ್ಕೆ ಉದ್ದ ಆಗ್ತಿದೆ ಸರ್. ಒಂದು ದಿನ ಮುಗಿಯೋದೇ ಇಲ್ಲ."

ಆ ಪಟ್ಟಿ ಲೈನಿನ ಮೊದಲ ಮನೆಯ ಹೆಂಗಸಿನದು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಅಕ್ಕನನ್ನು ಮಡಿಕೇರಿಗೆ ಕರೆದೊಯ್ದು ಎಲ್ಲ ಪರೀಕ್ಷೆ ಮಾಡಿಸಿದರು. ಎದೆ ಗಟ್ಟಿಯಾಗಿದೆ ಎಂದರು ಡಾಕ್ಟರು. ಮರುದಿನ ಮಧ್ಯಾಹ್ನ ಪಟ್ಟಿಯಲ್ಲಿ ಮತ್ತೆ ಅದೇ ಖಾಲಿ.

ಅವರು ತೋಟಕ್ಕೆ ಹೊರಟಾಗ, ಒಂದು ಲೇಖನವಾದೀತು ಎಂದು ನಾನೂ ಜೊತೆಗೆ ಹೋದೆ. ಜೀಪು ಇಳಿದು ಕಡಿದಾದ ಏರು ಹತ್ತಿದರೆ ಲೈನ್; ಹೆಂಗಸರು ಅದರ ಮುಂದೆ ಬುತ್ತಿ ಬಿಚ್ಚಿ ಕುಳಿತಿದ್ದರು. ಅಕ್ಕನ ಪಟ್ಟಿಯನ್ನು ಬೇರೆ ಯಾರಾದರೂ ಹಾಕಿಕೊಂಡಿದ್ದರೇ ಎಂದು ಇವರು ಕೇಳಿದರು. ಎಲ್ಲರ ಕಣ್ಣು ರೈಟರ್ ಮೇಲಿತ್ತು. ರೈಟರ್ ಎಂದರೆ ತೋಟದಲ್ಲಿ ಹಾಜರಿ ನೋಡುವವನು. ಇವರು ಅವನನ್ನು ಏನೋ ನೆಪ ಹೇಳಿ ಕಣದ ಕಡೆಗೆ ಕಳಿಸಿದರು.

"ಈಗ ಹೇಳಿ. ನಾನು ಬಯ್ಯಲ್ಲ."

ಅಕ್ಕ ಮುಖ ಎತ್ತಿದಳು. "ಬಯ್ಯೋಕೇನೈತೆ ಮೇಡಂ? ಪಟ್ಟಿ ಖಾಲಿ ಬಿಡಬಾರ್ದು ಅಂದೋರು ನೀವೇ. ನಾನು ನೀರು ಹುಯ್ಕಳೋಕೆ ಹೋದ್ರೆ ನನ್ ನಾದಿನಿ ಹಾಕ್ಕಂತಾಳೆ. ಸಂತೆಗೆ ಹೋದ್ರೆ ಆ ಕಡೆ ಮನೆಯೋಳು. ಕೆಲ್ಸಕ್ಕೆ ಬರಾಕಾಗ್ದಿದ್ರೆ ಬದಲಿ ಆಳು ಕಳ್ಸಲ್ವಾ? ಹಂಗೇ ಇದೂ."

ತೋಟದ ಪದ್ಧತಿ ಅದು. ಒಬ್ಬಳಿಗೆ ಆಗದಿದ್ದರೆ ಮನೆಯಿಂದ ಇನ್ನೊಬ್ಬಳು ಬರಬೇಕು, ಜಾಗ ಖಾಲಿ ಬೀಳಬಾರದು. ಪಟ್ಟಿಯನ್ನೂ ಅವರು ಅಷ್ಟೇ ನಿಷ್ಠೆಯಿಂದ ನಡೆಸಿಕೊಂಡಿದ್ದರು.

"ಸರಿ. ಊಟದ ಹೊತ್ತಿಗೆ ಯಾರು ಹಾಕ್ಕೊಳ್ತೀರಿ? ಜ್ಞಾಪಿಸಿಕೊಂಡು ಹೇಳಿ. ಅವರಿಗೆ ತಕ್ಷಣ ಡಾಕ್ಟರ್ ಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು.

"ಅಯ್ಯೋ, ನೀವೇ ಅಲ್ವಾ?" ಎಂದಳು ಅಕ್ಕ. "ನಾನು ಅನ್ನಕ್ಕೆ ಕೈ ಹಾಕೋ ಹೊತ್ಗೆ ಏರು ಹತ್ಕಂಡು ಬತ್ತೀರಿ. ತಗಿ ಅಕ್ಕ, ಸರಿ ಐತಾ ನೋಡ್ತೀನಿ ಅಂತ ಬಿಚ್ಚಿಸ್ಕಂಡು ನೀವೇ ಕಟ್ಕಂತೀರಿ. ಮಧ್ಯಾಹ್ನದ ಬದಲಿ ಆಳು ನೀವೇಯ!"

"ರೈಟರ್ ಹತ್ರ ಅರ್ಧ ಹಾಜ್ರಿ ಕೇಳಿ ಮೇಡಂ" ಎಂದಳು ನಾದಿನಿ.

ಇವರೂ ನಕ್ಕರು. ಆಮೇಲೆ ನಗು ನಿಂತಿತು. ಬಲಗೈ ತಾನಾಗಿ ಎಡತೋಳಿನ ಕಲೆಗಳ ಮೇಲೆ ಹೋಗಿತ್ತು.

ಜೀಪಿನಲ್ಲಿ ಹಿಂದಿರುಗುವಾಗ ವಿವರಿಸಿದರು. ತಾವು ಕಟ್ಟಿಕೊಂಡಾಗಲೆಲ್ಲ ಇದು ತಪಾಸಣೆ ಎಂದು ಫೋನಿನಲ್ಲಿ ಗುರುತು ಒತ್ತುತ್ತಿದ್ದರು. ನೆಟ್‌ವರ್ಕ್ ಇಲ್ಲದೆ ಆ ಗುರುತು ದಾಖಲಾಗಿರಲಿಲ್ಲ. ಕೋಣೆಯಲ್ಲಿ ಕುಳಿತು ಕಟ್ಟಿಕೊಂಡು ನೋಡಿದಾಗ ಆ ಖಾಲಿ ಕಂಡಿರಲಿಲ್ಲ. ಏರು ಹತ್ತಿದಾಗ ಮಾತ್ರ ಕಾಣುತ್ತಿತ್ತು. ಯಾರದೋ ಎದೆ ಎಂದು ಅಷ್ಟು ದಿನ ಹುಡುಕಿದ್ದು ಅವರದೇ ಆಗಿತ್ತು.

"ನಾಳೆ ಬೆಳಿಗ್ಗೆಯ ಬಸ್ಸಿಗೆ ಮೈಸೂರಿಗೆ ಹೊರಡಿ" ಎಂದೆ.

"ಹೇಳ್ತಿರೋದು ಒಂದೇ ಪಟ್ಟಿ ಸರ್. ಅದೇ ಕೆಟ್ಟಿರಬಹುದು."

ಮರುದಿನದಿಂದ ಎರಡು ಪಟ್ಟಿ ಕಟ್ಟಿಕೊಂಡು ಏರು ಹತ್ತಿದರು. ಬಡಿತ ನಿಂತರೆ ಎಚ್ಚರಿಕೆ ಹೋಗಬೇಕಾದ ಕಡೆ ನನ್ನ ನಂಬರ್ ಹಾಕಿದರು. ನಾನು ನೆಟ್‌ವರ್ಕ್ ಇರುವ ಊರಿನಲ್ಲಿರುವವನು ಎಂಬುದು ಕಾರಣ. ಗುರುವಾರ ಸಂಜೆ ಮೆಟ್ಟಿಲು ಇಳಿದು ಬಂದವರ ಮುಖದಲ್ಲಿ ಕಳೆ ಇತ್ತು.

"ಎರಡೂ ಒಂದೇ ಹೇಳ್ತಿವೆ ಸರ್! ಪಟ್ಟಿಯಲ್ಲಿ ದೋಷ ಇಲ್ಲ."

"ಪಟ್ಟಿ ಮನೆ ಹಾಳಾಗಲಿ. ನಿಮ್ಮ ಕಥೆ ಏನು?" ಎಂದಳು ನನ್ನ ಹೆಂಡತಿ.

"ಸೋಮವಾರ ಡಾಕ್ಟರ್ ಹತ್ರ ಹೋಗ್ತೀನಿ. ಶನಿವಾರಕ್ಕೆ ಹಣ್ಣಿನ ಪಿಕಿಂಗ್ ಮುಗಿಯುತ್ತೆ. ಅಲ್ಲೀವರೆಗೂ ಇದ್ದುಬಿಡ್ತೀನಿ."

ಶನಿವಾರ ಮಧ್ಯಾಹ್ನ ನಾನು ಸಂತೆಯಲ್ಲಿ ಹಸಿಮೆಣಸಿನಕಾಯಿ ಆರಿಸುತ್ತಿದ್ದೆ. ಫೋನು ಕೂಗಿತು. ಎಚ್ಚರಿಕೆಯ ಸಂದೇಶ. ಅವರಿಗೆ ಕರೆ ಮಾಡಲು ಹೆಸರು ಹುಡುಕುತ್ತಿದ್ದಂತೆಯೇ ಹಾರ್ನ್ ಕೇಳಿಸಿತು, ಜನ ಎರಡು ಕಡೆಗೂ ಸರಿದರು. ತೋಟದ ಜೀಪು. ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಕುಳಿತಿದ್ದಳು. ಅವರ ಫೋನು ನೆಟ್‌ವರ್ಕ್ ಕಂಡದ್ದು ಜೀಪು ಊರೊಳಗೆ ಬಂದಾಗ. ಎಚ್ಚರಿಕೆ ಅವರ ಜೊತೆಗೇ ಬಂದಿತ್ತು. ಆಸ್ಪತ್ರೆಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಏರು ಹತ್ತಿ ಬಂದು ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಒರಗಿದ್ದರಂತೆ. ಆರಲಿ ಎಂದು ಕಾಯುತ್ತಿದ್ದಾರೆ ಅಂದುಕೊಂಡರಂತೆ ಎಲ್ಲರೂ.

ವರದಿ ಬರೆಯಲು ಈಗಲೂ ಎರಡು ಮೂಲ ಹುಡುಕುತ್ತೇನೆ. ಆದರೆ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ ಎರಡನೆಯ ಮಾತಿಗೆ ಕಾಯುವುದಿಲ್ಲ. ಅಷ್ಟನ್ನು ಅವರಿಂದ ಕಲಿತೆ.

ಮೈಸೂರಿನಿಂದ ಬಂದವರು ಪಟ್ಟಿಗಳನ್ನೆಲ್ಲ ಸೇರಿಸಿ ತೆಗೆದುಕೊಂಡು ಹೋದರು. ಒಂದು ಸಿಗಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ ಸಂತೆಯಲ್ಲಿ ಅಕ್ಕ ಸಿಕ್ಕಳು, ಜೊತೆಗೆ ನಾದಿನಿ. ಅಕ್ಕ ಚೀಲ ಎತ್ತುವಾಗ ರವಿಕೆಯ ತೋಳು ಮೇಲೆ ಸರಿದು ಪಟ್ಟಿ ಕಂಡಿತು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಇದು ಮೇಡಂ ಕೈಯಲ್ಲಿದ್ದದ್ದು ಪೇಪರಣ್ಣ. ಅದ್ರೊಳಗಿನ ದೀಪ ಹೋಗಿ ಬಾಳ ದಿನ ಆಯ್ತು. ಆದ್ರೂ ಖಾಲಿ ಬಿಡಬಾರ್ದು ಅಂದಿದ್ರಲ್ಲ."

ಲೈನಿನ ಹೆಂಗಸರೆಲ್ಲ ಸರದಿಯಲ್ಲಿ ಕಟ್ಟಿಕೊಳ್ಳುತ್ತಾರಂತೆ. ಹೊರಡುವ ಮೊದಲು ಅಕ್ಕ ಅದನ್ನು ಬಿಚ್ಚಿ ಸೆರಗಿನಿಂದ ಒರೆಸಿದಳು. ನಾದಿನಿ ಕೇಳದೆಯೇ ತೋಳು ಮುಂದೆ ಚಾಚಿದಳು.