ಬಿಸಿ ಹಿಂಡಿಗೆ ಹಾಕಿದ ಮುಚ್ಚಳ

ಅಕ್ಕನ ಮನೆಗೆ ಮೂರು ತಿಂಗಳ ದಿನಸಿ ತುಂಬಿಸಿಕೊಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತನ್ನು ಸುತ್ತಿ ಬಳಸಿ ಹೇಳುವ ಚಾಳಿ ನನ್ನದು, ಹಾಗೆ ಸುತ್ತುತ್ತ ನಡುವೆ ಎಲ್ಲಾದರೂ ತಪ್ಪಿಸಿಕೊಂಡೇನು.

ನಾವಿಬ್ಬರೂ ಬೀದರ್ ಕಡೆಯವರು, ಮದುವೆಯಾಗಿ ಮಹಾರಾಷ್ಟ್ರಕ್ಕೆ ಬಂದವರು. ನಾನು ನಾಸಿಕ್‌ನ ಸಾತಪುರದಲ್ಲಿ. ನನ್ನ ಗಂಡನಿಗೆ ಅಲ್ಲಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅಕ್ಕ ಛತ್ರಪತಿ ಸಂಭಾಜಿನಗರದಲ್ಲಿ, ಊರು ಮುಗಿದ ಮೇಲೆ ಶುರುವಾಗುವ ಒಂದು ಹೊಸ ಬಡಾವಣೆಯಲ್ಲಿ. ಮಕ್ಕಳಿಲ್ಲದ ಮನೆ, ಗಂಡಹೆಂಡಿರಿಬ್ಬರೇ. ಅಕ್ಕನ ಎರಡೂ ಕಿಡ್ನಿ ಕೆಟ್ಟು, ಎರಡು ವರ್ಷ ಡಯಾಲಿಸಿಸ್‌ನಲ್ಲಿ ಸವೆದು ಹೋದ ಮೇಲೆ ಅವಳ ಗಂಡನೇ ತಮ್ಮದೊಂದು ಕೊಟ್ಟರು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಕೊಡುವಾಗ ಅವರು ನಕ್ಕು, "ಹೆಂಗೂ ಅರ್ಧಾಂಗಿ, ಇದೂ ಅರ್ಧಾ ಮಾಡ್ಕೊಂಡ್ರಾಯ್ತು" ಅಂದಿದ್ದರು.

ಆಪರೇಷನ್ ಆದ ಮೇಲೆ ಡಾಕ್ಟರು ಖಡಕ್ಕಾಗಿ ಹೇಳಿದರು: ಮೂರು ತಿಂಗಳು ತಪಾಸಣೆಗೆ ಬಿಟ್ಟರೆ ಅಕ್ಕ ಹೊಸಿಲು ದಾಟುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಹೊಸ ಕಿಡ್ನಿ ನಿಲ್ಲಲಿ ಎಂದು ಕೊಡುವ ಗುಳಿಗೆಗಳು ಮೈಯ ಶಕ್ತಿಯನ್ನೆಲ್ಲ ಹಿಂಡಿಬಿಡುತ್ತವಂತೆ, ಸಣ್ಣ ನೆಗಡಿಯೂ ಪ್ರಾಣಕ್ಕೆ ಬರಬಹುದಂತೆ. ಮಾಮಾ ಭಾರ ಎತ್ತುವಂತಿಲ್ಲ. ಮೊಬೈಲಿನಲ್ಲಿ ಒತ್ತಿ ಸಾಮಾನು ತರಿಸುವ ಸೌಕರ್ಯ ಆ ಬಡಾವಣೆಯವರೆಗೆ ಬಂದಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವರು, ಹಾಲು, ಕಾಯಿಪಲ್ಯ ಗೇಟಿಗೆ ತೂಗುಹಾಕುತ್ತೇನೆಂದರು. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು.

ನರ್ಸ್ ಒಂದು ಕಾಗದ ಕೊಟ್ಟಿದ್ದಳು. ಸೀಲ್ ಇರುವ ಸಣ್ಣ ಪ್ಯಾಕೆಟ್ಟುಗಳನ್ನೇ ಕೊಳ್ಳಿ, ಒಡೆದದ್ದನ್ನು ಬೇಗ ಮುಗಿಸಿ, ಉಪ್ಪು ಕಡಿಮೆ ಹಾಕಿ ಎಂದು ಅದರಲ್ಲಿತ್ತು. ಅದನ್ನು ಓದಿ ನನಗೆ ಸಿಟ್ಟು ಬಂತು. ನಮ್ಮ ಮನೆತನದಲ್ಲಿ ಅಂಗಡಿಯ ಹಿಟ್ಟು, ಅಂಗಡಿಯ ಖಾರ ಒಳಗೆ ಬಂದದ್ದಿಲ್ಲ. ಪ್ಯಾಕೆಟ್ಟಿಗೆ ಯಾರ ಯಾರ ಕೈ ತಾಗಿರುತ್ತದೋ, ನನ್ನ ಕೈ ನನಗೆ ಗೊತ್ತಿಲ್ಲವೇ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಎಂಟು ದಿನ ಮನೆಯ ತುಂಬ ಸಾಮಾನು ಹರವಿಕೊಂಡು ಕುಳಿತೆ. ಹುಳ ಬೀಳದಿರಲೆಂದು ಜೋಳಕ್ಕೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಿದೆ, ತೊಗರಿಬೇಳೆಗೆ ಔಡಲೆಣ್ಣೆ ಸವರಿದೆ. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ ತಟ್ಟಿ ತಟ್ಟಿ ತೋಳು ಬಿದ್ದುಹೋಯಿತು. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಬರೆಯಲು ಬರುವುದಿಲ್ಲ. ಎಲ್ಲ ಡಬ್ಬಿಗಳ ಮೇಲೆ ಮರಾಠಿಯಲ್ಲಿ ಚೀಟಿ ಬರೆದು ಅಂಟಿಸಿದಳು. ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಹಿಂದಿನ ದಿನವೇ ಆಗಿತ್ತು. ಶೇಂಗಾ ಹಿಂಡಿ ಮಾತ್ರ ಹೊರಡುವ ದಿನ ಬೆಳಿಗ್ಗೆಗೆ ಉಳಿಯಿತು.

ಶೇಂಗಾ ಹುರಿದರೆ ಬಟ್ಟೆಯ ಮೇಲೆ ಹರವಿ ತಣ್ಣಗಾಗಲು ಬಿಡಬೇಕು, ಪುಡಿ ಮಾಡಿದ ಮೇಲೂ ಆರಲು ಬಿಡಬೇಕು. ಅವ್ವ ಕೈಮೇಲೆ ಹೊಡೆದು ಕಲಿಸಿದ್ದು ಇದು. ಆದರೆ ಸಂಭಾಜಿನಗರಕ್ಕೆ ಹೊರಟಿದ್ದ ಪರಿಚಯದವರ ಕಾರು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಬೆಚ್ಚಗಿದ್ದ ಹಿಂಡಿಯನ್ನು ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಬಡಿದೆ. ಅಲ್ಲಿಗೆ ಹೋದ ಮೇಲೆ ಬಿಚ್ಚಿ ಆರಿಸಿದರಾಯಿತು ಎಂದುಕೊಂಡೆ. ಅಕ್ಕ, ಮಾಮಾ ಇನ್ನೂ ಆಸ್ಪತ್ರೆಯಲ್ಲಿದ್ದರು. ಕಾಕುವಿನಿಂದ ಕೀಲಿ ತೆಗೆದುಕೊಂಡು, ಮನೆ ಒರೆಸಿ, ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಅದೇ ಕಾರಿನಲ್ಲಿ ಮರಳಿದೆ. ಆ ಮುಚ್ಚಳದ ನೆನಪೇ ಆಗಲಿಲ್ಲ.

ಮನೆಗೆ ಬಂದ ಅಕ್ಕ ಫೋನಿನಲ್ಲಿ ಅತ್ತಳು. "ಒಂದು ಕಿರಾಣಿ ಅಂಗಡಿನೇ ತುಂಬಿಟ್ಟೀಯಲ್ಲ ತಂಗಿ!" ನಾನು ಉಬ್ಬಿಹೋದೆ. ದಿನಾ ಮಧ್ಯಾಹ್ನ ಮಾತಾಡುತ್ತಿದ್ದೆವು. ಏನು ಉಂಡಿ, ಎಷ್ಟು ನೀರು ಕುಡಿದಿ, ಮಾಮಾನ ಗಾಯ ಹೇಗಿದೆ, ಇಷ್ಟೇ ಮಾತು.

ಐದನೆಯ ವಾರ, ಮಳೆ ಹಿಡಿದುಕೊಂಡಿತ್ತು. ಅಕ್ಕ ಕೇಳಿದಳು: "ಶೇಂಗಾ ಹಿಂಡಿ ಬಿಸಿ ಇದ್ದಾಗೇ ಮುಚ್ಚಿದ್ದೇನು? ಮ್ಯಾಲೆ ಒಂದೀಟು ಬುರ್ಶಿ ಬಂದಾದ."

ಬುರ್ಶಿ ಎಂದರೆ ಬೂಷ್ಟು; ಆ ಮುಚ್ಚಳ ಆಗ ನೆನಪಾಯಿತು. ಆದರೂ ಬಾಯಿಂದ ಬಂದದ್ದು ಇದು: "ಇಲ್ಲಕ್ಕಾ, ಪೂರಾ ಆರಿಸೇ ಹಾಕೀನಿ. ಮಳಿ ಹವಾಕ್ಕ ಬಂದಿರ್ಬೇಕು. ಮ್ಯಾಲಿಂದು ತೆಗೆದು ಒಮ್ಮೆ ಹುರ್ಕೋ, ಏನೂ ಆಗಂಗಿಲ್ಲ."

ಅವಳು, "ಹೌದು, ಪ್ರಸಾದ ಚೆಲ್ತಾರೇನು" ಅಂದಳು.

ತಾಟು ತೊಳೆದ ನೀರನ್ನೂ ಕುಡಿಯುವ ಮನೆಯವರು ನಾವು. ತಾಟಿನಲ್ಲಿ ಬಿದ್ದದ್ದು ಪ್ರಸಾದ, ಚೆಲ್ಲಿದರೆ ಪಾಪ. ಚೆಲ್ಲು ಎಂದು ನಾನು ಒಂದು ಮಾತು ಹೇಳಿದ್ದರೆ ಅವಳು ಚೆಲ್ಲುತ್ತಿದ್ದಳು. ಹೇಳಿದರೆ ತಪ್ಪು ನನ್ನದಾಗುತ್ತಿತ್ತು. ಮೆಚ್ಚಿಗೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ನಾಚಿಕೆಗೇಡಿನ ಸತ್ಯ ಅಷ್ಟೇ.

ಮುಂದಿನ ತಿಂಗಳು ಅಕ್ಕನಿಗೆ ಜ್ವರ ಬಂತು, ಹಿಂದೆಯೇ ಕೆಮ್ಮು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ನಾನು ಹೋದೆ. ಶ್ವಾಸಕೋಶಕ್ಕೆ ಬೂಷ್ಟು ಹತ್ತಿದೆ ಎಂದರು ಡಾಕ್ಟರು. "ಮನೆಯಲ್ಲಿ ತೇವದ ಗೋಡೆ, ಬೂಷ್ಟು ಹಿಡಿದ ಕಾಳುಕಡಿ ಏನಾದರೂ ಇತ್ತೇ?" ಎಂದು ಹಿಂದಿಯಲ್ಲಿ ಕೇಳಿದರು. ಮಾಮಾ ತಟ್ಟನೆ, ಇಲ್ಲ, ನಮ್ಮ ಮನೆ ಸ್ವಚ್ಛವಾಗಿದೆ, ಸಾಮಾನೆಲ್ಲ ಇವಳೇ ಮನೆಯಲ್ಲಿ ಮಾಡಿಕೊಟ್ಟದ್ದು ಎಂದು ನನ್ನತ್ತ ಕೈ ತೋರಿಸಿದರು. ನಾನು ನೆಲ ನೋಡುತ್ತ ನಿಂತೆ. ಬೂಷ್ಟು ಗಾಳಿಯಲ್ಲೂ ಇರುತ್ತದೆ, ಎಲ್ಲಿಂದ ಬಂತೆಂದು ಹೇಳಲಾಗದು, ಹೇಗಿದ್ದರೂ ಔಷಧ ಇದೇ ಎಂದು ಡಾಕ್ಟರು ಹೊರಟುಹೋದರು. ಆ ಮಾತನ್ನು ನಾನು ಇವತ್ತಿಗೂ ಜಪದ ಹಾಗೆ ಹೇಳಿಕೊಳ್ಳುತ್ತೇನೆ. ಒಂದು ದಿನವೂ ಅದರಿಂದ ನಿದ್ದೆ ಬಂದಿಲ್ಲ.

ಅಕ್ಕ ಹನ್ನೊಂದು ದಿನ ಹೋರಾಡಿ ತೀರಿಕೊಂಡಳು. ಮಾಮಾ ಕೊಟ್ಟ ಕಿಡ್ನಿ ಕೊನೆಯವರೆಗೂ ಚೆನ್ನಾಗಿ ಕೆಲಸ ಮಾಡುತ್ತಿತ್ತಂತೆ. ಬಂಧುಗಳು ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳಿ ಬಸ್ಸು ಹತ್ತಿದರು. ಅಡುಗೆಮನೆಯ ಸಾಮಾನು ತೆಗೆದಿಟ್ಟು ಹೋಗಲು ನಾನೊಬ್ಬಳು ಉಳಿದೆ.

ಅವತ್ತು ಮಧ್ಯಾಹ್ನ ಮಾಮಾಗೆ ಊಟಕ್ಕೆ ಬಡಿಸಿದೆ. ಇನ್ನೂ ಉಳಿದಿದ್ದ ಕಟಕ ರೊಟ್ಟಿ, ಬೇಳೆ. ಅವರು ಎದ್ದು ಹೋಗಿ, ಮೇಲಿನ ಹಲಗೆಯ ಹಿಂಬದಿಯಲ್ಲಿದ್ದ ಆ ಸ್ಟೀಲ್ ಡಬ್ಬಿಯನ್ನು ತಂದು ತಾಟಿನ ಪಕ್ಕ ಇಟ್ಟುಕೊಂಡರು. ತಳದಲ್ಲಿ ನಾಲ್ಕು ಚಮಚೆಯಷ್ಟು ಹಿಂಡಿ ಇತ್ತು.

"ಇದು ಅಕಿ ನನಗ ಮುಟ್ಟಗೊಡ್ಲಿಲ್ಲ ನೋಡವಾ," ಅಂದರು. "'ತಂಗಿ ಕೈದು, ಇದು ನಾ ಒಬ್ಬಾಕಿನೇ ಉಣ್ತೀನಿ, ನೀವು ಅಗಸಿ ಹಿಂಡಿ ಉಣ್ರಿ' ಅಂತಿದ್ಳು. ಅಷ್ಟು ಜೀವ ನಿನ್ನ ಮ್ಯಾಲೆ. ಈಗ ಬ್ಯಾಡನ್ನೋರು ಯಾರದಾರ?"

ಚಮಚೆ ಒಳಗೆ ಹೋಯಿತು. ನಾನು ಅವರ ಕೈ ಹಿಡಿದುಕೊಂಡೆ. ಹುಟ್ಟಿದಾಗಿನಿಂದ ಅಂಥ ಹಿರಿಯರ ಕೈ ಹಾಗೆ ಹಿಡಿದವಳಲ್ಲ ನಾನು.

"ಬ್ಯಾಡ್ರಿ ಮಾಮಾ. ಅದಕ್ಕ ಬುರ್ಶಿ ಹತ್ತಿತ್ತು. ಬಿಸಿ ಇದ್ದಾಗೇ ಮುಚ್ಚಿದ್ನಿ ನಾ. ಅಕ್ಕ ಕೇಳಿದ್ಳು, ಇಲ್ಲ ಅಂತ ಸುಳ್ಳು ಹೇಳಿ ಉಣ್ಣು ಅಂದ್ನಿ."

ಅವರು ನನ್ನ ಮುಖ ನೋಡಲಿಲ್ಲ. ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಒಳಗೆ ಬಗ್ಗಿ ನೋಡಿದರು.

"ಬುರ್ಶಿ ಬಂದಿದ್ದು ಅಕಿ ಕಣ್ಣಾರೆ ನೋಡಿದ್ಳೇನು?"

"ಹ್ಞೂಂರಿ."

"ಅದಕ್ಕೇ ನನಗ ಕೊಡ್ಲಿಲ್ಲ," ಅಂದರು. ಚಮಚೆ ಕೆಳಗಿಟ್ಟು, ಉಳಿದ ರೊಟ್ಟಿಯನ್ನು ಏನೂ ಹಚ್ಚಿಕೊಳ್ಳದೆ ಒಣಗಿದ್ದ ಹಾಗೇ ಮುರಿದು ಮುರಿದು ತಿಂದು ಮುಗಿಸಿದರು.